ನಿನ್ನ ಉತ್ತರ ಯಾರದೋ ಮನೆ ಸೇರುತ್ತದೆ

ಮಗಳೇ,

ನಿನಗೆ ಪಿಎಚ್‌.ಡಿ.ಗೆ ಸೀಟು ಸಿಕ್ಕ ಸುದ್ದಿ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಆಟಿಸಂಗೆ ಸಂಬಂಧಿಸಿದ ಜೀನ್‌ಗಳ ಬಗ್ಗೆ ಕೆಲಸವಂತೆ, ಬೆಂಗಳೂರಿನ ಲ್ಯಾಬಂತೆ, ಇಲಿಗಳ ಮಿದುಳನ್ನು ನೋಡಬೇಕಂತೆ. ನಿಮ್ಮ ದೊಡ್ಡಮ್ಮ ಅವತ್ತೇ ಪಾಯಸ ಮಾಡಿದಳು. ಹೋಗುವ ಮುಂಚೆ ಏನೇನು ಓದಿಕೊಳ್ಳಲಿ ಎಂದು ನೀನು ಕೇಳಿದ್ದೀಯ. ಅದನ್ನು ಹೇಳಲು ನಿನ್ನ ಗೈಡ್ ಇದ್ದಾರೆ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡುತ್ತ ವಯಸ್ಸು ಕಳೆದವನು. ಲ್ಯಾಬಿನ ಒಳಗೆ ನಡೆಯುವುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಲ್ಯಾಬಿನಿಂದ ಹೊರಟ ಮಾತು ಊರಿನ ಓಪಿಡಿಗೆ ಬಂದು ಮುಟ್ಟುವಾಗ ಏನಾಗಿರುತ್ತದೆ ಎನ್ನುವುದು ಮಾತ್ರ ನನಗೆ ಗೊತ್ತು. ಅದನ್ನೇ ಬರೆಯುತ್ತೇನೆ.

ನಕ್ಷತ್ರಗಳನ್ನು ಅಧ್ಯಯನ ಮಾಡುವವರು ತಪ್ಪು ತೀರ್ಮಾನಕ್ಕೆ ಬಂದರೆ ನಕ್ಷತ್ರಕ್ಕೆ ನೋವಾಗುವುದಿಲ್ಲ. ನಿನ್ನ ಕ್ಷೇತ್ರ ಹಾಗಲ್ಲ. ಇಲ್ಲಿ ಕೊಟ್ಟ ಪ್ರತಿ ಉತ್ತರವೂ ಒಂದು ಮನೆ ಸೇರುತ್ತದೆ. ಅಲ್ಲಿ ಯಾರೋ ಅದನ್ನು ನಂಬುತ್ತಾರೆ, ಅದಕ್ಕಾಗಿ ಸಾಲ ಮಾಡುತ್ತಾರೆ, ಅದರಿಂದ ಒಬ್ಬರನ್ನೊಬ್ಬರು ದೂರುತ್ತಾರೆ. ಆಟಿಸಂ ಸಂಶೋಧನೆಯ ಚರಿತ್ರೆಯಲ್ಲಿ ಜನಕ್ಕೆ ಆದ ಹಾನಿಯಲ್ಲಿ ಬಹುಪಾಲು ಬಂದದ್ದು ಬುದ್ಧಿವಂತರ ಅವಸರದಿಂದ. ಹಾಗಾಗಿ ನನ್ನ ಕಿವಿಮಾತು ಇಷ್ಟೇ: ಉತ್ತರಕ್ಕೆ ಅವಸರ ಮಾಡಬೇಡ. ಉತ್ತರ ಸಿಕ್ಕಿತು ಎನ್ನಿಸಿದಾಗ ಅದನ್ನು ಮೊದಲು ನೀನೇ ಕೆಡವಲು ನೋಡು. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ನೋಡುವುದನ್ನು ಕಲಿ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಒಂದು ಪೇಪರ್ ಬರೆದ. ಎಂಟು ಹುಡುಗರು, ಮೂವರು ಹುಡುಗಿಯರು. ಮೊದಲನೆಯವನು ಮಿಸಿಸಿಪಿಯ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಅವನ ತಂದೆ ಮಗನ ಬಗ್ಗೆ ಮೂವತ್ತಮೂರು ಪುಟಗಳ ಕಾಗದ ಬರೆದು ಕಳಿಸಿದ್ದರು. ಕ್ಯಾನರನ ಪೇಪರ್ ಇವತ್ತಿಗೂ ಓದಿಸಿಕೊಂಡು ಹೋಗುತ್ತದೆ. ಮಕ್ಕಳು ಹೇಗೆ ಆಡಿದರು, ಯಾವ ಮಾತನ್ನು ಮತ್ತೆ ಮತ್ತೆ ಹೇಳಿದರು, ಸಾಮಾನಿನ ಜಾಗ ಬದಲಾದರೆ ಹೇಗೆ ಕಂಗಾಲಾದರು ಎಂಬುದೆಲ್ಲ ಅದರಲ್ಲಿ ಒಂದೊಂದಾಗಿ ಇದೆ. ಆ ತಂದೆಯ ಕಾಗದವನ್ನು ಉದ್ದವಾಯಿತೆಂದು ಬದಿಗಿಟ್ಟಿದ್ದರೆ ಆ ವಿವರಗಳಲ್ಲಿ ಎಷ್ಟೋ ಇರುತ್ತಿರಲಿಲ್ಲ. ನಮ್ಮಲ್ಲೂ ಚೀಟಿಯಲ್ಲಿ ಬರೆದುಕೊಂಡು ಬರುವ ತಾಯಂದಿರಿದ್ದಾರೆ. ಆ ಚೀಟಿ ಓದಲು ಸಮಯ ಮಾಡಿಕೊ.

ಕ್ಯಾನರನಿಗಿಂತ ಹದಿನೆಂಟು ವರ್ಷ ಮುಂಚೆಯೇ, 1925ರಲ್ಲಿ, ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ ಇಂಥದೇ ಆರು ಹುಡುಗರ ವಿವರ ಬರೆದಿದ್ದಳು. ಬಹುಕಾಲ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ನಿನ್ನ ಭಾಷೆಯಲ್ಲದ ಭಾಷೆಯಲ್ಲಿ, ನಿನಗೆ ಗೊತ್ತಿಲ್ಲದ ಊರಿನಲ್ಲಿ ಯಾರೋ ನಿನಗಿಂತ ಮೊದಲೇ ನೋಡಿರಬಹುದು ಎಂಬ ಎಚ್ಚರ ಇರಲಿ.

ಡೊನಾಲ್ಡ್ ಮುಂದೇನಾದ? ಮೂರು ವರ್ಷದವನಿದ್ದಾಗ ವೈದ್ಯರ ಮಾತು ಕೇಳಿ ಅವನನ್ನು ಮನೆಯಿಂದ ದೂರ ಒಂದು ಸಂಸ್ಥೆಗೆ ಸೇರಿಸಿದ್ದರು. ವರ್ಷವಾಗುವ ಹೊತ್ತಿಗೆ ತಂದೆ ತಾಯಿ ಮನೆಗೆ ಕರೆತಂದರು. ಅವನು ಕಾಲೇಜು ಮುಗಿಸಿದ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಗಾಲ್ಫ್ ಆಡಿದ, ದೇಶ ದೇಶ ಸುತ್ತಿದ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಕ್ಯಾನರ್ 1971ರಲ್ಲಿ ಆ ಹನ್ನೊಂದು ಮಕ್ಕಳನ್ನು ಮತ್ತೆ ಹುಡುಕಿ ಅವರು ಏನಾದರೆಂದು ಬರೆದ. ಸರ್ಕಾರಿ ಸಂಸ್ಥೆಗಳಲ್ಲಿ ಬಿಟ್ಟುಬಂದ ಮಕ್ಕಳ ಬದುಕು ಅಲ್ಲೇ ಸೊರಗಿತ್ತು. ಎಲ್ಲ ಮಕ್ಕಳೂ ಡೊನಾಲ್ಡನಂತೆ ಆಗುತ್ತಾರೆಂದು ನಾನು ಹೇಳುತ್ತಿಲ್ಲ. ಇಡೀ ಬದುಕು ಮಾತು ಬಾರದ, ಊಟ ಸ್ನಾನಕ್ಕೂ ಇನ್ನೊಬ್ಬರ ಕೈ ಬೇಕಾದ ಮಕ್ಕಳನ್ನೂ ಕಂಡಿದ್ದೇನೆ. ಮೂರು ವರ್ಷದ ಕೂಸಿನ ಮುಖ ನೋಡಿ ಮೂವತ್ತರ ಭವಿಷ್ಯ ನುಡಿಯುವ ಚಟಕ್ಕೆ ನೀನು ಬೀಳಬೇಡ ಎನ್ನುವುದಷ್ಟೇ ನನ್ನ ಮಾತು.

ಇನ್ನು ಕಹಿ ಭಾಗ. ಮಕ್ಕಳನ್ನು ಅಷ್ಟು ಚೆನ್ನಾಗಿ ನೋಡಿದ ಕ್ಯಾನರನೇ ತಂದೆ ತಾಯಿಗಳನ್ನು ನೋಡುವಾಗ ಅವಸರಪಟ್ಟ. ಇವರಲ್ಲಿ ಬೆಚ್ಚನೆಯ ಪ್ರೀತಿ ಕಡಿಮೆ ಎಂದು ಬರೆದ. ಅದು ಬೆಳೆದು ‘ರೆಫ್ರಿಜರೇಟರ್ ತಾಯಿ’ ಎಂಬ ಬೈಗುಳವಾಯಿತು. 1967ರಲ್ಲಿ ಬ್ರೂನೋ ಬೆಟೆಲ್‌ಹೈಮ್ ಎಂಬಾತ ತಾಯಿಯ ತಿರಸ್ಕಾರವೇ ಕಾರಣ ಎಂದು ಒಂದು ದಪ್ಪ ಪುಸ್ತಕ ಬರೆದು ಹೆಸರು ಮಾಡಿದ. ಒಂದು ತಲೆಮಾರಿನ ತಾಯಂದಿರು ಮಗುವಿನ ಕಷ್ಟದ ಜತೆಗೆ ಈ ಅಪವಾದವನ್ನೂ ಹೊತ್ತರು. ಇದನ್ನು ಮೊದಲು ಗಟ್ಟಿಯಾಗಿ ಎದುರಿಸಿದವರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಒಬ್ಬ. ಅಮೆರಿಕದ ನೌಕಾಪಡೆಯಲ್ಲಿ ಮನೋವಿಜ್ಞಾನಿ, ಆಟಿಸಂ ಇದ್ದ ಹುಡುಗನ ತಂದೆ. ಇದು ಮಿದುಳಿನ ಬೆಳವಣಿಗೆಯ ವಿಷಯ ಎಂದು 1964ರಲ್ಲೇ ಪುಸ್ತಕ ಬರೆದಿದ್ದ.

ವಾದದಿಂದ ಮುಗಿಯದ ಜಗಳ ಎಣಿಕೆಯಿಂದ ಮುಗಿಯಿತು. ಲಂಡನ್ನಿನ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ 1977ರಲ್ಲಿ ಅವಳಿ ಜವಳಿಗಳನ್ನು ಹುಡುಕಿದರು. ಸಿಕ್ಕಿದ್ದು ಬರೀ 21 ಜೋಡಿ. ತದ್ರೂಪಿ ಜೋಡಿಗಳು ಹನ್ನೊಂದು, ಅದರಲ್ಲಿ ನಾಲ್ಕು ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ. ತದ್ರೂಪಿಗಳಲ್ಲದ ಹತ್ತು ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೆ ಇರಲಿಲ್ಲ. ಯಾವ ಬಗೆಯ ಅವಳಿ ಜೋಡಿಯನ್ನಾದರೂ ಸಾಕುವವಳು ಒಬ್ಬಳೇ ತಾಯಿ, ಬೆಳೆಯುವುದು ಒಂದೇ ಮನೆಯಲ್ಲಿ. ಹಾಗಿದ್ದೂ ಈ ವ್ಯತ್ಯಾಸ ಬಂದಿತೆಂದರೆ ಅದು ಸಾಕಿದ ಕೈಯಿಂದ ಬಂದದ್ದಲ್ಲ. ಸಣ್ಣ ಅಧ್ಯಯನ, ಆದರೆ ಹೋಲಿಕೆ ಸರಿಯಾಗಿತ್ತು. ನಂತರ 2019ರಲ್ಲಿ ಡೆನ್ಮಾರ್ಕ್, ಫಿನ್ಲೆಂಡ್, ಸ್ವೀಡನ್, ಇಸ್ರೇಲ್, ಪಶ್ಚಿಮ ಆಸ್ಟ್ರೇಲಿಯಾಗಳ 20 ಲಕ್ಷ ಜನರ ದಾಖಲೆ ಕೂಡಿಸಿ ನೋಡಿದಾಗ, ಜನರ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇ 80 ವಂಶವಾಹಿಗಳದ್ದು ಎಂದು ಕಂಡಿತು. ತಾಯಿಯ ಕಡೆಯ ಬೇರೆ ಪ್ರಭಾವ ಲೆಕ್ಕಕ್ಕೆ ಬಾರದಷ್ಟು ಚಿಕ್ಕದಿತ್ತು.

ಆದರೆ ಇಲ್ಲೇ ನಿನಗೊಂದು ಹೊಸ ಬಲೆ ಇದೆ. ಪ್ರೀತಿ ಸಾಲದು ಎಂದು ತಾಯಿಯನ್ನು ಬೈಯುತ್ತಿದ್ದವರು ಈಗ ಜೀನ್ ಹೆಸರಿನಲ್ಲಿ ಬೈಯುತ್ತಾರೆ. ‘ಯಾರ ಕಡೆಯಿಂದ ಬಂತು?’ ಎನ್ನುವ ಪ್ರಶ್ನೆ ನಮ್ಮ ಮನೆಗಳಲ್ಲಿ ಕುತೂಹಲಕ್ಕೆ ಕೇಳುವ ಪ್ರಶ್ನೆಯಲ್ಲ. ಸೊಸೆಯನ್ನು ತವರಿಗೆ ಕಳಿಸಲು ಅಷ್ಟೇ ಸಾಕು, ತಂಗಿಯ ಮದುವೆ ನಿಲ್ಲಲು ಅಷ್ಟೇ ಸಾಕು. ಆದ್ದರಿಂದ ಬಾಯಿ ಬಿಡುವಾಗ ಪೂರ್ತಿ ಹೇಳು. ಶೇ 80 ಎಂಬುದು ಒಂದು ಜನಸಮೂಹದೊಳಗಿನ ವ್ಯತ್ಯಾಸದ ಲೆಕ್ಕ. ಒಂದು ಮಗುವನ್ನು ಮುಂದೆ ಕೂರಿಸಿಕೊಂಡು ಇದರಲ್ಲಿ ಎಂಬತ್ತು ಪಾಲು ಅಪ್ಪ ಅಮ್ಮನದು ಎನ್ನುವ ಲೆಕ್ಕವಲ್ಲ. ಬಲವಾದ ಪರಿಣಾಮದ ಎಷ್ಟೋ ಜೀನ್ ಬದಲಾವಣೆಗಳು ತಂದೆಯಲ್ಲೂ ಇರುವುದಿಲ್ಲ, ತಾಯಿಯಲ್ಲೂ ಇರುವುದಿಲ್ಲ. ಮಗುವಿನಲ್ಲೇ ಹೊಸದಾಗಿ ಆಗಿರುತ್ತವೆ. ಇನ್ನು ಕೆಲವು ಚಿಕ್ಕಚಿಕ್ಕ ಬದಲಾವಣೆಗಳು ನಮ್ಮೆಲ್ಲರಲ್ಲೂ ಹರಡಿಕೊಂಡಿರುತ್ತವೆ. ಇದನ್ನು ಅತ್ತೆ ಸೊಸೆ ಇಬ್ಬರನ್ನೂ ಎದುರು ಕೂರಿಸಿಕೊಂಡು ತಿಳಿಯುವ ಕನ್ನಡದಲ್ಲಿ ಹೇಳಲು ಬಂದರೆ ನಿನ್ನ ಡಿಗ್ರಿ ಅರ್ಧ ಸಾರ್ಥಕ.

ಎರಡನೆಯ ಮಾತು ಹೋಲಿಕೆಯದು. ‘ಯಾರ ಜತೆ ಹೋಲಿಸಿದಿರಿ?’ ಎಂಬ ಪ್ರಶ್ನೆ ನಿನ್ನ ನಾಲಿಗೆ ತುದಿಯಲ್ಲೇ ಇರಲಿ. 1998ರ ಫೆಬ್ರುವರಿಯಲ್ಲಿ ಲಂಡನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಹನ್ನೆರಡು ಮಕ್ಕಳ ಪೇಪರ್ ಒಂದನ್ನು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿ, ದಡಾರದ ಎಂಎಂಆರ್ ಲಸಿಕೆಯ ಮೇಲೆ ಅನುಮಾನದ ಕಿಡಿ ಹಚ್ಚಿದ. ಹೋಲಿಸಲು ಇನ್ನೊಂದು ಗುಂಪೇ ಇರಲಿಲ್ಲ. ಲಸಿಕೆ ಹಾಕುವ ವಯಸ್ಸು, ಆಟಿಸಂ ಲಕ್ಷಣಗಳು ಮನೆಯವರ ಕಣ್ಣಿಗೆ ಬೀಳುವ ವಯಸ್ಸು ಎರಡೂ ಸುಮಾರಾಗಿ ಒಂದೇ. ಒಂದರ ಹಿಂದೆ ಒಂದು ಬಂದದ್ದರಿಂದ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ಹೆತ್ತವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ವಿಜ್ಞಾನಿ ಹಾಗೆ ಹೇಳಿದರೆ ಕ್ಷಮೆಯಿಲ್ಲ. ಪತ್ರಕರ್ತ ಬ್ರಯನ್ ಡೀರ್ ಬೆನ್ನುಹತ್ತಿ ನೋಡಿದಾಗ, ಮಕ್ಕಳ ದಾಖಲೆಗೂ ಪೇಪರಿನಲ್ಲಿ ಬರೆದದ್ದಕ್ಕೂ ತಾಳೆಯಾಗಲಿಲ್ಲ. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲು ಸಿದ್ಧವಾಗುತ್ತಿದ್ದ ವಕೀಲರಿಂದ ಹಣ ಪಡೆದದ್ದೂ ಹೊರಬಿತ್ತು. 2010ರಲ್ಲಿ ಪತ್ರಿಕೆ ಆ ಪೇಪರನ್ನು ಹಿಂತೆಗೆದುಕೊಂಡಿತು, ವೇಕ್‌ಫೀಲ್ಡನ ಹೆಸರನ್ನು ವೈದ್ಯರ ಪಟ್ಟಿಯಿಂದ ಹೊಡೆದುಹಾಕಿದರು. ಡೆನ್ಮಾರ್ಕಿನವರು 1999ರಿಂದ 2010ರವರೆಗೆ ಹುಟ್ಟಿದ 6,57,461 ಮಕ್ಕಳನ್ನು ಹಿಂಬಾಲಿಸಿ 2019ರಲ್ಲಿ ಲೆಕ್ಕ ಕೊಟ್ಟರು: ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿಲ್ಲ.

ಸುಳ್ಳು ಹೇಳಲು ಹನ್ನೆರಡು ಮಕ್ಕಳು ಸಾಕಾದರು. ಅದನ್ನು ಅಳಿಸಲು ಆರೂವರೆ ಲಕ್ಷ ಮಕ್ಕಳ ಲೆಕ್ಕ ಕೊಟ್ಟರೂ ಪೂರ್ತಿ ಅಳಿದಿಲ್ಲ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನದ ಮೊದಲ ಹಂತಕ್ಕೆ ನಮ್ಮ ರಾಜ್ಯವೂ ಸೇರಿತ್ತು. ಆಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಹೆದರಿಕೆಗಳಿಗೆ ಆಶಾ ಕಾರ್ಯಕರ್ತೆಯರು ಮನೆಬಾಗಿಲಲ್ಲಿ ನಿಂತು ಉತ್ತರ ಕೊಡಬೇಕಾಯಿತು. ಒಂದು ಪೇಪರ್ ಎಷ್ಟು ದೂರ, ಎಷ್ಟು ವರ್ಷ ಹೋಗಿ ತಲುಪುತ್ತದೆ ನೋಡು.

ಒಳ್ಳೆಯ ಹೋಲಿಕೆ ಹೇಗಿರುತ್ತದೆ ಎನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಬಸುರಿನಲ್ಲಿ ಪ್ಯಾರಾಸಿಟಮಾಲ್ ನುಂಗಿದರೆ ಮಗುವಿಗೆ ಆಟಿಸಂ ಬರುತ್ತದೆ ಎಂಬ ಮಾತು 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಬಾಯಿಂದಲೇ ಬಂತು. ಅದಕ್ಕೆ ಒಂದು ವರ್ಷ ಮೊದಲೇ ಸ್ವೀಡನ್ನಿನವರು 1995ರಿಂದ 2019ರವರೆಗೆ ಹುಟ್ಟಿದ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ನೋಡಿದ್ದರು. ಮೇಲ್ನೋಟದ ಲೆಕ್ಕದಲ್ಲಿ ಮಾತ್ರೆ ತೆಗೆದುಕೊಂಡವರ ಮಕ್ಕಳಲ್ಲಿ ಆಟಿಸಂ ಕೂದಲೆಳೆಯಷ್ಟು ಹೆಚ್ಚು ಕಂಡಿತು. ಅಲ್ಲಿಗೆ ನಿಲ್ಲಿಸಿದ್ದರೆ ದೊಡ್ಡ ತಲೆಬರಹ ಸಿಗುತ್ತಿತ್ತು. ಅವರು ನಿಲ್ಲಿಸಲಿಲ್ಲ. ಒಬ್ಬಳೇ ತಾಯಿಯ ಎರಡು ಬಸುರುಗಳನ್ನು ಹೋಲಿಸಿದರು. ಒಂದರಲ್ಲಿ ಮಾತ್ರೆ ತೆಗೆದುಕೊಂಡಿದ್ದಾಳೆ, ಇನ್ನೊಂದರಲ್ಲಿ ಇಲ್ಲ. ವ್ಯತ್ಯಾಸ ಮಾಯವಾಯಿತು. ಮಾತ್ರೆ ನುಂಗುವ ಹೆಂಗಸಿಗೆ ಜ್ವರವೋ ಮೈಗ್ರೇನೋ ಇನ್ನೇನೋ ಇರುತ್ತದೆ, ಅವಳ ವಂಶವಾಹಿಗಳು ಅವಳವೇ. ಒಡಹುಟ್ಟಿದವರನ್ನು ಹೋಲಿಸಿದಾಗ ಇದರಲ್ಲಿ ಬಹಳಷ್ಟು ಎರಡೂ ಕಡೆ ಸಮವಾಗಿಬಿಡುತ್ತದೆ. ಜ್ವರ ಬಂದ ಬಸುರಿಗೆ ಮಾತ್ರೆ ಬೇಡ ಎನ್ನುವುದೂ ಒಂದು ಚಿಕಿತ್ಸೆಯೇ, ಅದಕ್ಕೂ ಅಪಾಯವಿದೆ ಎನ್ನುವುದನ್ನು ಮರೆಯಬೇಡ.

ಮೂರನೆಯದು ಆಸೆಯ ವಿಷಯ. 1998ರಲ್ಲೇ ಇನ್ನೊಂದು ಸುದ್ದಿ ಹಬ್ಬಿತ್ತು. ಮೇದೋಜೀರಕ ಗ್ರಂಥಿಯ ಪರೀಕ್ಷೆಗೆಂದು ಸೆಕ್ರೆಟಿನ್ ಎಂಬ ಹಾರ್ಮೋನಿನ ಇಂಜೆಕ್ಷನ್ ಕೊಟ್ಟಾಗ ಆಟಿಸಂ ಇದ್ದ ಮೂರು ಮಕ್ಕಳು ಚೇತರಿಸಿಕೊಂಡರು ಎಂದು. ಟಿವಿಯಲ್ಲಿ ಬಂತು, ಹೆತ್ತವರು ಔಷಧಿಗಾಗಿ ಮುಗಿಬಿದ್ದರು. ಮರುವರ್ಷ 60 ಮಕ್ಕಳನ್ನು ತೆಗೆದುಕೊಂಡು ಅರ್ಧ ಜನಕ್ಕೆ ಸೆಕ್ರೆಟಿನ್, ಅರ್ಧ ಜನಕ್ಕೆ ಉಪ್ಪುನೀರು ಕೊಟ್ಟು ನೋಡಿದರು. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು! ಮಕ್ಕಳು ಹೇಗೂ ಬೆಳೆಯುತ್ತಾರೆ, ಆಸೆ ಇಟ್ಟುಕೊಂಡ ಕಣ್ಣಿಗೆ ಚಿಕ್ಕ ಬದಲಾವಣೆಯೂ ದೊಡ್ಡದಾಗಿ ಕಾಣುತ್ತದೆ. ಔಷಧಿಯಿಂದ ಪ್ರಯೋಜನವಿಲ್ಲ ಎಂದು ಹೇಳಿದ ಮೇಲೂ ಆ ಹೆತ್ತವರಲ್ಲಿ ಹೆಚ್ಚಿನವರು ತಮ್ಮ ಮಗುವಿಗೆ ಅದನ್ನು ಕೊಡಿಸಲು ಆಸಕ್ತಿ ತೋರಿಸಿದರು. ಇದನ್ನು ಓದಿ ನಗಬೇಡ. ರಾತ್ರಿಯೆಲ್ಲ ನಿದ್ದೆ ಮಾಡದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬೆಳಗು ಮಾಡುವವರಿಗೆ ‘ಇಲ್ಲ’ ಎಂಬ ಮಾತು ಕಿವಿಗೆ ಹೋಗುವುದು ಕಷ್ಟ.

ಆ ಆಸೆಯ ಮೇಲೆ ಅಂಗಡಿ ತೆರೆದವರು ನಮ್ಮ ನಗರಗಳಲ್ಲೂ ಇದ್ದಾರೆ. ಸ್ಟೆಮ್ ಸೆಲ್ ಹಾಕಿದರೆ ಆಟಿಸಂ ಹೋಗುತ್ತದೆ ಎಂಬ ಜಾಹೀರಾತು ನಂಬಿ ಹೊಲ ಅಡ ಇಟ್ಟವರನ್ನು ನಾನು ಬಲ್ಲೆ. ಒಪ್ಪಿಗೆಯಾದ ಕೆಲವು ರಕ್ತದ ಕಾಯಿಲೆಗಳಂಥವನ್ನು ಬಿಟ್ಟು ಉಳಿದ ಯಾವುದಕ್ಕೂ ಸ್ಟೆಮ್ ಸೆಲ್ಲನ್ನು ವೈದ್ಯಕೀಯ ಪ್ರಯೋಗದ ಹೊರಗೆ ಬಳಸಕೂಡದು ಎಂದು ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ನಿನ್ನ ಲ್ಯಾಬಿನ ಒಂದು ವಾಕ್ಯ ಇಂಥವರ ಕರಪತ್ರದಲ್ಲಿ ಅಚ್ಚಾಗಬಹುದು. ಬರೆಯುವಾಗಲೇ ಅದಕ್ಕೆ ಎಡೆಯಿಲ್ಲದಂತೆ ಬರೆ.

ಈಗ ನಿನ್ನ ಇಲಿಗಳ ಹತ್ತಿರ ಬರೋಣ. 2020ರಲ್ಲಿ 35 ಸಾವಿರಕ್ಕೂ ಹೆಚ್ಚು ಜನರ ಜೀನ್ ಓದಿ, ಆಟಿಸಂ ಜತೆ ನಂಟಿರುವ 102 ಜೀನ್‌ಗಳನ್ನು ಹೆಸರಿಸಿದರು. ಹೆಚ್ಚಿನವು ಎರಡು ಬಗೆಯವು. ಕೆಲವು ಬೇರೆ ಜೀನ್‌ಗಳ ಕೆಲಸವನ್ನು ಹದ್ದುಬಸ್ತಿನಲ್ಲಿಡುತ್ತವೆ, ಇನ್ನು ಕೆಲವು ನರಕೋಶಗಳು ಒಂದರ ಜತೆ ಒಂದು ಮಾತಾಡುವ ಸಿನಾಪ್ಸ್‌ನಲ್ಲಿ ದುಡಿಯುತ್ತವೆ. ನೂರು ದಾರಿಯಿಂದ ಹೊರಟ ಜನ ಒಂದೇ ಜಾತ್ರೆಗೆ ಬಂದು ಸೇರುವಂತೆ, ಇಷ್ಟೊಂದು ಜೀನ್‌ಗಳ ದಾರಿ ಕೆಲವೇ ಜಾಗಗಳಲ್ಲಿ ಕೂಡುತ್ತದೆಯೇ ಎನ್ನುವುದೇ ನಿಮ್ಮ ಪೀಳಿಗೆಯ ದೊಡ್ಡ ಪ್ರಶ್ನೆ. ಅದೇ ಜೀನ್‌ಗಳಲ್ಲಿ ಹಲವು ಬೌದ್ಧಿಕ ಅಸಾಮರ್ಥ್ಯಕ್ಕೂ ಫಿಟ್ಸ್‌ಗೂ ಕಾರಣವಾಗುತ್ತವೆ. ಆಟಿಸಂ, ಎಡಿಎಚ್‌ಡಿ, ಬೌದ್ಧಿಕ ಅಸಾಮರ್ಥ್ಯ ಎಂಬ ಗೋಡೆಗಳನ್ನು ಕಟ್ಟಿಕೊಂಡವರು ನಾವು. ಒಂದೇ ಮಗುವಿನಲ್ಲಿ ಮೂರೂ ಇರಬಹುದು.

ಇಲಿ ಕೊಟ್ಟ ಭರವಸೆ ಮನುಷ್ಯರವರೆಗೆ ಬರುವಾಗ ಎಷ್ಟು ದೂರ ನಡೆಯಬೇಕು ಎಂದು ಎರಡು ಕಥೆಗಳಿಂದ ತಿಳಿದುಕೊ. ರೆಟ್ ಸಿಂಡ್ರೋಮ್ ಎಂಬುದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಬರುವಂಥದು. ಕಲಿತ ಮಾತು, ಕೈಯ ಕೆಲಸ ಎರಡೂ ಮರೆತುಹೋಗುತ್ತವೆ. ವಿಯೆನ್ನಾದ ಆಂಡ್ರಿಯಾಸ್ ರೆಟ್ 1966ರಲ್ಲಿ ಅದನ್ನು ಬರೆದಿಟ್ಟ. 1999ರಲ್ಲಿ ಹ್ಯೂಸ್ಟನ್ನಿನ ಹುದಾ ಝೋಗ್ಬಿ ಅವರ ತಂಡ ಅದರ ಜೀನ್ ಹಿಡಿಯಿತು. 2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ಆ ಜೀನ್ ಸ್ಥಗಿತಗೊಳಿಸಿದ್ದ ಇಲಿಗಳಲ್ಲಿ ಅದನ್ನು ಮತ್ತೆ ಚಾಲೂ ಮಾಡಿದಾಗ, ಸಾಯುವ ಹಂತದಲ್ಲಿದ್ದ ಇಲಿಗಳು ಎದ್ದು ಓಡಾಡಿದವು. ಬೆಳೆದ ಮಿದುಳನ್ನು ಏನೂ ಮಾಡಲಾಗದು ಎಂಬ ನಂಬಿಕೆ ಅವತ್ತು ಬಿತ್ತು. ಆದರೂ ರೆಟ್‌ಗೆಂದೇ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ, ಅದೂ ಜೀನ್ ಸರಿಪಡಿಸುವ ಔಷಧಿಯಲ್ಲ, ಲಕ್ಷಣಗಳನ್ನು ಸ್ವಲ್ಪ ತಗ್ಗಿಸುವಂಥದು.

ಇನ್ನೊಂದು ಕಥೆ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಕಾಯಿಲೆಯದು. 1991ರಲ್ಲಿ ಜೀನ್ ಸಿಕ್ಕಿತು, 2004ರಲ್ಲಿ ಮಾರ್ಕ್ ಬೇರ್ ಮತ್ತಿತರರು ಸಿನಾಪ್ಸ್‌ನ ಒಂದು ಗ್ರಾಹಕವೇ ಮುಖ್ಯ ಎಂಬ ಅಚ್ಚುಕಟ್ಟಾದ ವಾದ ಮುಂದಿಟ್ಟರು. ಬೆಂಗಳೂರಿನಲ್ಲೇ, ಎನ್‌ಸಿಬಿಎಸ್‌ನಲ್ಲಿ, ಸುಮಂತ್ರ ಚಟರ್ಜಿ ಅವರ ತಂಡ ಫ್ರಜೈಲ್ ಎಕ್ಸ್ ಇಲಿಗಳ ಮಿದುಳಿನ ಅಮಿಗ್ಡಲಾ ಭಾಗದಲ್ಲಿ ಇದನ್ನು ಪರೀಕ್ಷಿಸಿದೆ. ಆ ಗ್ರಾಹಕವನ್ನು ತಡೆಯುವ ಔಷಧಿ ಇಲಿಗಳಲ್ಲಿ ಕೆಲಸ ಮಾಡಿತು. ಮನುಷ್ಯರ ಪ್ರಯೋಗಗಳಲ್ಲಿ ನಿರೀಕ್ಷಿಸಿದ ಫಲ ಬರಲಿಲ್ಲ, 2014ರಲ್ಲಿ ದೊಡ್ಡ ಕಂಪನಿಯೊಂದು ಕೈಬಿಟ್ಟಿತು. ಆ ಕೆಲಸ ವ್ಯರ್ಥವೆಂದು ನಾನು ಹೇಳುವುದಿಲ್ಲ. ಸಿನಾಪ್ಸ್ ಬಗ್ಗೆ ನಿಮಗೆ ಗೊತ್ತಿರುವುದರಲ್ಲಿ ಅದರ ಪಾಲು ದೊಡ್ಡದು. ಆದರೆ ಇಲಿಗೆ ಆಟಿಸಂ ಇರುವುದಿಲ್ಲ, ಮಗಳೇ. ಇಲಿಯಲ್ಲಿ ಒಂದು ಜೀನ್ ಕೆಟ್ಟಿರುತ್ತದೆ. ಇನ್ನೊಂದು ಇಲಿಯ ಹತ್ತಿರ ಅದು ಎಷ್ಟು ಹೊತ್ತು ನಿಂತಿತು ಎಂದು ನೀನು ಅಳೆಯುತ್ತೀಯ. ಅಳೆದದ್ದನ್ನಷ್ಟೇ ಬರೆ.

ನಾಲ್ಕನೆಯದು, ಲೆಕ್ಕದಿಂದ ಹೊರಗುಳಿದವರು ಯಾರು ಎಂದು ಸದಾ ಕೇಳಿಕೊ. ಆಟಿಸಂ ಬಗೆಗಿನ ತಿಳಿವಳಿಕೆ ಹೆಚ್ಚಾಗಿ ಶ್ರೀಮಂತ ದೇಶಗಳ, ಮಾತಾಡಬಲ್ಲ ಹುಡುಗರಿಂದ ಬಂದದ್ದು. ಹುಡುಗಿಯರನ್ನು ‘ನಾಚಿಕೆ ಸ್ವಭಾವ’ ಎಂದು ಬಿಟ್ಟುಬಿಡುತ್ತೇವೆ. ಸ್ಕ್ಯಾನಿಂಗ್ ಯಂತ್ರದಲ್ಲಿ ಅಲುಗಾಡದೆ ಮಲಗಲಾರದ ಮಕ್ಕಳು ಅಧ್ಯಯನಕ್ಕೇ ಬರುವುದಿಲ್ಲ. ಅಮೆರಿಕದಲ್ಲಿ 2000ದಲ್ಲಿ 150 ಮಕ್ಕಳಿಗೆ ಒಂದು ಎಂದಿದ್ದ ಲೆಕ್ಕ 2022ಕ್ಕೆ 31ಕ್ಕೆ ಒಂದಾಯಿತು ಎಂದು ಗಾಬರಿ ಬೀಳುವವರಿಗೆ ಹೇಳು: ಈ ನಡುವೆ ಆಟಿಸಂನ ವ್ಯಾಖ್ಯೆಯೇ ಅಗಲವಾಯಿತು, ಹುಡುಕುವವರು ಹೆಚ್ಚಿದರು, ಮೊದಲು ಬೇರೆ ಹೆಸರು ಹೊತ್ತವರು ಈ ಹೆಸರಿನಡಿ ಬಂದರು. ಲಂಡನ್ನಿನ ಕ್ಯಾಂಬರ್‌ವೆಲ್ ಬಡಾವಣೆಯಲ್ಲಿ ಲೋರ್ನಾ ವಿಂಗ್ ಮತ್ತು ಜೂಡಿತ್ ಗೌಲ್ಡ್ ಹುಡುಕುವ ಬಗೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ ಎಂದು 1979ರಲ್ಲೇ ತೋರಿಸಿದ್ದರು. ಆಸ್ಪತ್ರೆಗೆ ಬಂದವರನ್ನು ಎಣಿಸದೆ ಬಡಾವಣೆಯಲ್ಲೇ ಹುಡುಕಿದಾಗ, ಕ್ಯಾನರನ ವಿವರಣೆಗೆ ಪೂರ್ತಿ ಹೊಂದದ ಎಷ್ಟೋ ಮಕ್ಕಳು ಸಿಕ್ಕರು. ಲೋರ್ನಾ ಸ್ವತಃ ಆಟಿಸಂ ಇದ್ದ ಮಗಳ ತಾಯಿ.

ನಮ್ಮ ದೇಶದಲ್ಲೂ ಒಳ್ಳೆಯ ಕೆಲಸ ನಡೆದಿದೆ, ಅದನ್ನು ಓದದೆ ಲ್ಯಾಬಿಗೆ ಹೋಗಬೇಡ. ಪಲ್ವಲ್, ಕಾಂಗ್ರಾ, ಢೇಂಕಾನಾಲ್, ಉತ್ತರ ಗೋವಾ, ಹೈದರಾಬಾದ್ ಈ ಐದು ಕಡೆ ಮನೆ ಮನೆಗೆ ಹೋಗಿ ಮಾಡಿದ ಸಮೀಕ್ಷೆ 2018ರಲ್ಲಿ ಬಂತು. ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಸುಮಾರು ಎಂಟಕ್ಕೊಬ್ಬರಿಗೆ ನೋಟ, ಕೇಳುವಿಕೆ, ಮಾತು, ಕಲಿಕೆ, ಫಿಟ್ಸ್, ಆಟಿಸಂ ಮುಂತಾದ ಒಂಬತ್ತು ತೊಂದರೆಗಳಲ್ಲಿ ಒಂದಾದರೂ ಇತ್ತು. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತ ಅವರು ಕಾಮ್ ಡೀಲ್ ಎಂಬ ಕಾರ್ಯಕ್ರಮ ಕಟ್ಟಿ ಪುಟ್ಟ ಮಕ್ಕಳ ಮಾತಿಗೂ ಚಲನೆಗೂ ಒಟ್ಟಿಗೇ ತರಬೇತಿ ಕೊಡುವ ದಾರಿ ತೋರಿಸಿದರು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಟ್ಟು 65 ಮಕ್ಕಳೊಂದಿಗೆ ನಡೆದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತೆಯರು ಮನೆಗೆ ಹೋಗಿ, ತಾಯಿ ಮಗು ಆಡುವ ವಿಡಿಯೋ ತೆಗೆದು, ಅದನ್ನು ತಾಯಿಗೇ ತೋರಿಸಿ ಮಾತಾಡಿದರು. ತಾಯಿ ಮಗುವಿನ ಲಯಕ್ಕೆ ಹೊಂದಿಕೊಂಡಳು, ಮಗು ತಾನಾಗಿ ಮುಂದೆ ಬಂದು ಆಟಕ್ಕೆ ಕರೆಯುವುದು ಹೆಚ್ಚಿತು. ಇಬ್ಬರೂ ಒಂದೇ ವಸ್ತುವಿನಲ್ಲಿ ಒಟ್ಟಿಗೆ ಗಮನವಿಡುವ ಹೊತ್ತು ಮಾತ್ರ ಕಡಿಮೆಯಾಯಿತು. ಅದನ್ನೂ ಅವರು ಮುಚ್ಚಿಡದೆ ಬರೆದರು. ನನಗೆ ಆ ಪೇಪರಿನಲ್ಲಿ ಹೆಚ್ಚು ಹಿಡಿಸಿದ್ದು ಅದೇ.

ನಮ್ಮ ನೆಲಕ್ಕೇ ಸೇರಿದ ಪ್ರಶ್ನೆಗಳೂ ಇವೆ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಕೇಳುವ ಮಗುವಿಗೆ ಮಾತು ತಡವಾದರೆ, ‘ಮನೆ ಮಾತು ಬಿಡಿ, ಇಂಗ್ಲಿಷ್ ಒಂದೇ ಆಡಿ’ ಎಂದು ಸಲಹೆ ಕೊಡುವವರು ಈಗಲೂ ಇದ್ದಾರೆ. ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎನ್ನಲು ಅಧ್ಯಯನಗಳ ಬೆಂಬಲವಿಲ್ಲ. ಅಜ್ಜಿಯ ಭಾಷೆ ಕಿತ್ತುಕೊಂಡರೆ ಮಗುವಿನಿಂದ ಅಜ್ಜಿಯನ್ನೇ ಕಿತ್ತುಕೊಂಡ ಹಾಗೆ. ಇಂಥ ಪ್ರಶ್ನೆಗಳಿಗೆ ಬೇರೆ ದೇಶದವರು ನಮಗಾಗಿ ಉತ್ತರ ಹುಡುಕಿಕೊಡುವುದಿಲ್ಲ.

ಕೊನೆಯದಾಗಿ, ಯಾರ ಬಗ್ಗೆ ಬರೆಯುತ್ತೀಯೋ ಅವರನ್ನು ಕೇಳು. 1985ರಲ್ಲಿ ಸೈಮನ್ ಬ್ಯಾರನ್ ಕೋಹೆನ್ ಮತ್ತು ಜತೆಗಾರರು ಬೊಂಬೆಯಾಟದ ಒಂದು ಪರೀಕ್ಷೆ ಮಾಡಿದರು. ಸ್ಯಾಲಿ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೋಗುತ್ತಾಳೆ, ಆನ್ ಅದನ್ನು ಪೆಟ್ಟಿಗೆಗೆ ಹಾಕುತ್ತಾಳೆ, ಸ್ಯಾಲಿ ಬಂದು ಎಲ್ಲಿ ಹುಡುಕುತ್ತಾಳೆ? ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ಬುಟ್ಟಿಯ ಬದಲು ಸ್ಯಾಲಿಗೆ ಗೊತ್ತಿರದ ಪೆಟ್ಟಿಗೆ ತೋರಿಸಿದರು. ಇನ್ನೊಬ್ಬರ ಮನಸ್ಸು ಇವರಿಗೆ ತಿಳಿಯುವುದಿಲ್ಲ ಎಂಬ ಸಿದ್ಧಾಂತ ಅಲ್ಲಿಂದ ಗಟ್ಟಿಯಾಯಿತು. 2012ರಲ್ಲಿ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ ತಿರುಗಿ ಕೇಳಿದ: ನಮ್ಮ ಮನಸ್ಸು ನಿಮಗೆ ತಿಳಿಯುತ್ತದೆಯೇ? ಅರ್ಥವಾಗದಿರುವುದು ಎರಡೂ ಕಡೆಯ ತೊಂದರೆಯಲ್ಲವೇ? 2020ರಲ್ಲಿ ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಕಿವಿಯಿಂದ ಕಿವಿಗೆ ಕಥೆ ದಾಟಿಸುವ ಆಟ ಆಡಿಸಿದರು. ಆಟಿಸಂ ಇದ್ದವರೇ ಇದ್ದ ಸಾಲಿನಲ್ಲಿ ಕಥೆ ಚೆನ್ನಾಗಿಯೇ ದಾಟಿತು. ಆಟಿಸಂ ಇರುವವರೂ ಇಲ್ಲದವರೂ ಬೆರೆತ ಸಾಲಿನಲ್ಲಿ ಸೋರಿಹೋಯಿತು. ಎಲ್ಲರಿಗೂ ಇಷ್ಟವಾದ ಉತ್ತರ. ಆದರೆ ಅದೇ ತಂಡ ಮುನ್ನೂರಕ್ಕೂ ಹೆಚ್ಚು ಜನರನ್ನು ಸೇರಿಸಿ ಮತ್ತೆ ಪರೀಕ್ಷಿಸಿತು. ಈ ಸಲ ಬೆರೆತ ಸಾಲು ಹಿಂದೆ ಬೀಳಲಿಲ್ಲ. 2025ರಲ್ಲಿ ಅದನ್ನೂ ಪ್ರಕಟಿಸಿದರು. ನಮಗೆ ಬೇಡವಾದ ಉತ್ತರವನ್ನು ಎಲ್ಲರೂ ಎರಡು ಸಲ ಪರೀಕ್ಷಿಸುತ್ತಾರೆ. ಬೇಕಾದ ಉತ್ತರವನ್ನೂ ಹಾಗೆ ಪರೀಕ್ಷಿಸುವವರನ್ನು ನಂಬು, ನೀನೂ ಅಂಥವಳಾಗು.

ಆಟಿಸಂ ಇರುವ ಕೆಲವರು ‘ನಮ್ಮನ್ನು ರಿಪೇರಿ ಮಾಡಬೇಡಿ, ಜಾಗ ಕೊಡಿ’ ಎನ್ನುತ್ತಾರೆ. ಇನ್ನೊಂದು ಕಡೆ, ಮೂವತ್ತು ವರ್ಷದ ಮಗನಿಗೆ ಬಟ್ಟೆ ಹಾಕಿಸುವ ತಾಯಿ ‘ನಾವು ಹೋದ ಮೇಲೆ ಇವನಿಗೆ ಯಾರು?’ ಎನ್ನುತ್ತಾಳೆ. ಎರಡೂ ನಿಜ. ಒಂದನ್ನು ಹಿಡಿದು ಇನ್ನೊಂದರ ಬಾಯಿ ಮುಚ್ಚಿಸುವ ಪಕ್ಷಕ್ಕೆ ಸೇರಬೇಡ. ಮನುಷ್ಯರನ್ನು ‘ಉಪಯೋಗಕ್ಕೆ ಬರುವವರು, ಬಾರದವರು’ ಎಂದು ವಿಂಗಡಿಸುವ ಮಾತು ಎಲ್ಲಿ ಕೇಳಿದರೂ ಎದ್ದು ಬಾ. ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಕೆಲವು ಮಕ್ಕಳನ್ನು ಮೆಚ್ಚಿ ಬರೆದವನು; ಅವನೇ ನಾಜಿಗಳ ಕಾಲದಲ್ಲಿ ಇನ್ನು ಕೆಲವರನ್ನು, ಮಕ್ಕಳನ್ನು ಕೊಲ್ಲುತ್ತಿದ್ದ ಆಮ್ ಸ್ಪೀಗೆಲ್‌ಗ್ರುಂಡ್ ಸಂಸ್ಥೆಗೆ ಕಳಿಸಲು ಬರೆದುಕೊಟ್ಟ ಎಂದು ಚರಿತ್ರೆಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆ ಸಮೇತ ತೋರಿಸಿದ.

ಇನ್ನು ದಿನನಿತ್ಯದ ನಾಲ್ಕು ಮಾತು. ವಾರಕ್ಕೊಂದು ಮಧ್ಯಾಹ್ನ ಒಂದು ವಿಶೇಷ ಶಾಲೆಗೆ ಹೋಗು. ನೋಟ್‌ಬುಕ್ ಒಯ್ಯಬೇಡ, ಊಟ ಬಡಿಸು, ಆಟಿಕೆ ಜೋಡಿಸು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ನೀನೇ ಬರೆದು, ಹಳ್ಳಿಯ ಒಬ್ಬ ತಾಯಿಗೆ ಓದಿಸಿ, ಅವಳು ಎಲ್ಲಿ ತಡೆಯುತ್ತಾಳೋ ಅಲ್ಲಿ ತಿದ್ದು. ರಕ್ತದ ಸ್ಯಾಂಪಲ್ ಕೊಟ್ಟ ಕುಟುಂಬಕ್ಕೆ ಅಧ್ಯಯನದಿಂದ ಏನು ಗೊತ್ತಾಯಿತೆಂದು ಕಾಗದ ಬರೆ. ಏನೂ ಸಿಗದಿದ್ದರೆ ಅದನ್ನೂ ಬರೆ. ಫಲ ಬಾರದ ಪ್ರಯೋಗವನ್ನು ಡ್ರಾಯರಿನಲ್ಲಿಡಬೇಡ, ಪ್ರಕಟಿಸು. ಮದುವೆ ಮನೆಯಲ್ಲಿ ಯಾರದೋ ಮಗುವನ್ನು ನೋಡಿ ರೋಗ ಹೆಸರಿಸುವ ಕೆಲಸ ಮಾತ್ರ ಖಂಡಿತ ಬೇಡ.

ಮುಂದೆ ನಮ್ಮ ನೆಂಟರಲ್ಲೇ ಯಾರಾದರೂ ಫೋನ್ ಮಾಡಿ, ‘ಇದಕ್ಕೆ ಔಷಧಿ ಯಾವಾಗ ಬರುತ್ತಮ್ಮ?’ ಎಂದು ಕೇಳುತ್ತಾರೆ. ಆಗ ನಿನ್ನ ಜೀನ್ ಹೆಸರು ಹೇಳಬೇಡ. ಆಟಿಸಂ ಹೋಗಲಾಡಿಸುವ ಔಷಧಿ ಈಗ ಇಲ್ಲ ಎಂದು ನೇರವಾಗಿ ಹೇಳು. ಅಲ್ಲಿಗೆ ಫೋನ್ ಇಡಬೇಡ. ಮಗುವಿನ ಕಿವಿ ಪರೀಕ್ಷೆ ಆಗಿದೆಯೇ, ನಿದ್ದೆ ಹೇಗಿದೆ, ಫಿಟ್ಸ್ ಇದೆಯೇ ಎಂದು ಕೇಳು. ಇವಕ್ಕೆಲ್ಲ ಮಾಡಬಹುದಾದ್ದು ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ನಿಮ್ಹಾನ್ಸ್‌ಗೋ ಹೋಗುವ ದಾರಿ ತಿಳಿಸು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಮಾಡಿಸಿ, ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ ಎಂದು ಹೇಳು. ಅವರು ಅರ್ಜಿ ತುಂಬಲು ತಡಕಾಡಿದರೆ ನೀನೇ ಕೂತು ತುಂಬಿಕೊಡು. ಪಿಎಚ್‌.ಡಿ. ಮುಗಿಯಲು ಐದಾರು ವರ್ಷ ಬೇಕು. ಈ ಕೆಲಸ ಮೊದಲ ವಾರದಿಂದಲೇ ಮಾಡಬಹುದು.

ಒಳ್ಳೆಯದಾಗಲಿ.

ನಿನ್ನ ದೊಡ್ಡಪ್ಪ